ಗೋದಾಳ ಹೆಸರಿಗೆ ಬಂದ ಹೌಸಾಬಾಯಿಯ ರಕ್ತ

ಮಿರಜಿನ ಕಾಸಾರ ಗಲ್ಲಿಗೆ ಬಂದುಹೋಗುವ ಹೆಂಗಸರಲ್ಲಿ ಹೌಸಾಬಾಯಿ ರಾಸ್ನೆ ಹಿಡಿಯದ ಕೈ ಇರಲಿಲ್ಲ. ಮೂವತ್ತೆರಡು ವರ್ಷಗಳಿಂದ ಆಕೆ ಬಳೆ ತೊಡಿಸುತ್ತ ಬಂದವಳು. ಅಳತೆಯ ಪಟ್ಟಿ ಬೇಡ, ಕೇಳುವುದೂ ಬೇಡ. ಬಂದವಳ ಕೈಯನ್ನು ತನ್ನ ಅಂಗೈಯಲ್ಲಿ ತೆಗೆದುಕೊಂಡು ಬೆರಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಒಮ್ಮೆ ಅದುಮಿದರೆ ಸಾಕು, ಎರಡು-ನಾಲ್ಕೋ ಎರಡು-ಆರೋ ಎಂದು ಆ ಕೈಯೇ ಹೇಳುತ್ತಿತ್ತು. ಹಾಗೆ ಅದುಮಿ, ಹೆಬ್ಬೆರಳನ್ನು ಒಳಗೆ ಮಡಿಸಿ, ಅತ್ತೆ ಹೇಗಿದ್ದಾಳೆ, ನಾದಿನಿಯ ಮದುವೆ ಎಲ್ಲಿಗೆ ಬಂತು ಎಂದು ಕೇಳುತ್ತಲೇ ಡಜನ್ ಬಳೆ ಏರಿಸಿಬಿಡುವಳು. ಗಾಜಿನ ಬಳೆ ಒಡೆದರೆ ಆ ಗಲ್ಲಿಯಲ್ಲಿ ಒಡೆಯಿತು ಎನ್ನುವಂತಿಲ್ಲ, ‘ಹೆಚ್ಚಿತು’ ಎನ್ನಬೇಕು. ಹೌಸಾಬಾಯಿಯ ಕೈಯಲ್ಲಿ ವರ್ಷಕ್ಕೆ ಒಂದೋ ಎರಡೋ ಹೆಚ್ಚಿದರೆ ಅದೇ ದೊಡ್ಡ ಸುದ್ದಿ.

ಆ ವರ್ಷ ಗಣಪತಿ ಹಬ್ಬದ ಒಂದೇ ವಾರದಲ್ಲಿ ನಾಲ್ಕು ಹೆಚ್ಚಿದವು.

ಬೆಳಿಗ್ಗೆ ಏಳುವಾಗ ಬೆರಳುಗಳು ಮಡಿಸಲು ಬರುತ್ತಿರಲಿಲ್ಲ. ಚಹದ ಬಟ್ಟಲು ಹಿಡಿಯಲು ಎರಡೂ ಕೈ ಬೇಕಾಗುತ್ತಿತ್ತು. ಅಂಗಡಿಯ ಬೀಗದಲ್ಲಿ ಕೀಲಿ ಹಾಕಿದರೆ ತಿರುಗಿಸಲು ಆಗದು. ಗಂಡ ಮಧುಕರರಾಯ ಏನಾಯಿತೆಂದು ಕೇಳಿದರೆ, “ಬೀಗಕ್ಕ ತುಕ್ಕು ಹಿಡದೈತಿ, ಎಣ್ಣಿ ಬಿಡ್ರಿ” ಎಂದು ಗದರುವಳು. ಆ ಬಡಪಾಯಿ ಮೂರು ವಾರ ದಿನಾ ಎಣ್ಣೆ ಬಿಟ್ಟ. ಬೀಗದಿಂದ ಎಣ್ಣೆ ಇಳಿದು ಬಾಗಿಲೆಲ್ಲ ಜಿಡ್ಡಾಯಿತು, ಹೆಂಡತಿಯ ಬೆರಳು ಮಾತ್ರ ಸಡಿಲವಾಗಲಿಲ್ಲ.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಗಲ್ಲಿಯ ಆಚೆ ಬದಿಗೆ, ಹತ್ತೇ ಹೆಜ್ಜೆ ದೂರದಲ್ಲಿ, ಮೈದುನನ ಹೆಂಡತಿ ಗೋದಾಬಾಯಿಯ ಬಳೆ ಅಂಗಡಿ ಇತ್ತು. ಹನ್ನೆರಡು ವರ್ಷದ ಹಿಂದೆ ಅಣ್ಣತಮ್ಮಂದಿರು ಅಂಗಡಿ ಪಾಲು ಮಾಡಿಕೊಂಡಾಗಿನಿಂದ ಓರಗಿತ್ತಿಯರಿಬ್ಬರ ಬಾಯಿಗೂ ಬೀಗ ಬಿದ್ದಿತ್ತು. ಹೌಸಾಬಾಯಿಯ ಕೈ ಕೆಟ್ಟಿತೆಂಬ ಗಾಳಿ ಬೀಸಿದರೂ ಸಾಕು, ಮದುವೆ ಮನೆಗಳೆಲ್ಲ ಆ ಹತ್ತು ಹೆಜ್ಜೆ ದಾಟಿಬಿಡುತ್ತವೆ. ಅದರಲ್ಲೂ ಭೋಕರೆಯವರ ಮನೆ! ಮಗಳು ಕೇತಕಿಯ ಮದುವೆ ಮಾರ್ಗಶಿರದಲ್ಲಿ. ಮದುಮಗಳಿಗೆ ತೊಡಿಸುವ ಹಸಿರು ಬಳೆಗಳ ಚುಡಾ ಯಾರ ಕೈಯಿಂದ ಎಂದು ಮಾಯಾತಾಯಿ ಭೋಕರೆ ದಸರೆ ಮುಗಿದ ಮೇಲೆ ಗಲ್ಲಿಗೆ ಬಂದು ತೆಂಗಿನಕಾಯಿ ಕೊಟ್ಟು ಹೇಳುವವರಿದ್ದರು. ಕೇತಕಿಯ ಅಜ್ಜಿಯ ಕೈಗೂ, ಮಾಯಾತಾಯಿಯ ಕೈಗೂ ಚುಡಾ ತೊಡಿಸಿದ್ದು ರಾಸ್ನೆ ಮನೆಯ ಹಿರಿಯ ಸೊಸೆಯರು. ಆ ಕಾಯಿ ತನ್ನ ಮಡಿಲಿಗೆ ಬೀಳದಿದ್ದರೆ ಗಲ್ಲಿಯಲ್ಲಿ ತಲೆಯೆತ್ತುವುದು ಹೇಗೆ ಎಂಬುದೊಂದೇ ಹೌಸಾಬಾಯಿಯ ಚಿಂತೆ.

ಗುಟ್ಟು ರಟ್ಟಾಗಿದ್ದು ಗಿರಾಕಿಯೊಬ್ಬಳಿಂದ. ನಿಲೋಫರ್ ಮುಜಾವರ್ ಕೀಲುನೋವಿನ ಡಾಕ್ಟರು, ಚಿಕ್ಕವಳಿದ್ದಾಗಿಂದ ಹೌಸಾಬಾಯಿಯ ಕೈಯಲ್ಲೇ ಬಳೆ ತೊಟ್ಟವಳು. ದಸರೆ ಮುಗಿದ ಮರುದಿನ ತಮ್ಮನ ಮದುವೆಗೆಂದು ಬಂದು ಕೈ ಚಾಚಿ ಕುಳಿತಳು. ಹೌಸಾಬಾಯಿ ಹಲ್ಲು ಕಚ್ಚಿ ಗೆಣ್ಣು ಅದುಮಿದಳು.

“ಮಾವಶಿ, ನಿಮ್ಮ ಕೈ ಯಾಕ ಇಷ್ಟ ಬಿಸಿ?”

“ದುಡಿಯೋ ಕೈ ಬಿಸೀನ ಇರ್ತಾವವ್ವಾ. ನಿನ್ನಂಗ ಎಸಿಯೊಳಗ ಕುಂತಾವೇನು?”

ಡಾಕ್ಟರು ನಕ್ಕು, ಸಟಕ್ಕನೆ ಕೈ ತಿರುವಿ, ಹೌಸಾಬಾಯಿಯ ಗೆಣ್ಣುಗಳನ್ನು ತಾನೇ ಎರಡೂ ಬದಿಯಿಂದ ಅದುಮಿಬಿಟ್ಟಳು. ಮೂವತ್ತೆರಡು ವರ್ಷ ಊರವರ ಕೈ ಹಿಂಡಿದ ಹೌಸಾಬಾಯಿ, “ಅಯ್ಯಯ್ಯೋ, ಆಯೀ!” ಎಂದು ಕೂತಲ್ಲೇ ಎಗರಿದಳು.

“ಹಿಂಗ ಅದುಮಿ ನೋಡೂದು ನಮ್ಮ ವಿದ್ಯಾನೂ ಹೌದು,” ಎಂದಳು ನಿಲೋಫರ್. “ಮುಂಜಾನೆ ಎಷ್ಟೊತ್ತು ಬಿಗಿ ಇರ್ತಾವ ಬೆರಳು?”

“ಬೀಗಕ್ಕ ತುಕ್ಕು ಹಿಡದೈತಿ, ಅಷ್ಟ.”

“ಮಾವಶಿ.”

“ಹತ್ತು ಹೊಡಿಯೋತನಕ,” ಎಂದಳು ಹೌಸಾಬಾಯಿ, ಕಳ್ಳತನ ಒಪ್ಪಿಕೊಂಡವಳ ಹಾಗೆ.

ಡಾಕ್ಟರು ದನಿ ತಗ್ಗಿಸಿದಳು. “ಮೈಯೊಳಗ ರೋಗ ಬಡಿಯಾಕ ಕಾವಲುಗಾರರು ಇರ್ತಾರ. ಕೆಲವರ ಮೈಯೊಳಗ ಅವರು ತಲಿಕೆಟ್ಟು ಮನಿಯವರನ್ನ ಬಡಿಯಾಕ ಹತ್ತತಾರ. ಕೀಲಿಗೆ ಬೀಳ್ತಾರ. ಅಂಥವರು ಎಷ್ಟ ಮಂದಿ ಅದಾರ ಅಂತ ರಕ್ತದಾಗ ನೋಡಬಹುದು. ಭಾಳ ಇದ್ರ ಈ ಸಂಧಿವಾತ ಜೋರು ಮಾಡೋ ಜಾತಿದು, ಎಲುಬು ತಿಂದು ಬೆರಳು ಡೊಂಕು ಮಾಡತೈತಿ. ಇಲ್ಲಂದ್ರ ಭಾಳ ಮಾಡಿ ಸಾವಕಾಶ ಹೋಗತೈತಿ.”

“ಅಂದ್ರ ಕೈಗೆ ಜಾತಕ ಬರಸೂದು ಅನ್ನು. ಅಂಗೈ ಹುಣ್ಣಿಗೆ ಕನ್ನಡಿ ಯಾಕವ್ವಾ? ನೋಯತೈತಿ ಅಂತ ನನಗ ಗೊತ್ತೈತಲ್ಲ.”

“ಇವತ್ತು ನೋಯೂದು ನಿಮಗ ಗೊತ್ತೈತಿ. ಎರಡು ವರ್ಷದ ಮ್ಯಾಲ ಏನಾಗತೈತಿ ಅನ್ನೂದು ಆ ರಕ್ತಕ್ಕ ಅಷ್ಟಿಷ್ಟು ಗೊತ್ತಿರತೈತಿ. ಜಾತಕ ನೋಡಿ ಮಂದಿ ಸುಮ್ನ ಕುಂದ್ರತಾರ. ಇದನ್ನ ನೋಡಿದ ಮ್ಯಾಲ ಓಡಬೇಕು. ಈಗಿಂದೀಗ ಔಷಧ ಸುರು ಮಾಡಿದ್ರ ಬೆರಳು ಉಳೀತಾವ. ನಾಳಿಗೆ ದವಾಖಾನಿಗೆ ಬರ್ರಿ.”

ದವಾಖಾನೆಯ ಸಾಲಿನಲ್ಲಿ ಗಲ್ಲಿಯ ಅರ್ಧ ಜನ ನಿಂತಿರುತ್ತಾರೆ. ಹೌಸಾಬಾಯಿ ಆಗದು ಎಂದಳು. ಕಡೆಗೆ ಡಾಕ್ಟರು ಬಳೆ ಕಟ್ಟುವ ಕಾಗದದ ಮೇಲೆ ಪರೀಕ್ಷೆಗಳ ಹೆಸರು ಬರೆದು, ಎಲ್ಲಾದರೂ ರಕ್ತ ಕೊಟ್ಟು ವರದಿ ಹಿಡಿದು ಬನ್ನಿ ಎಂದು ಹೇಳಿ ಹೋದಳು.

ಮರುದಿನ ಹೌಸಾಬಾಯಿ ಅಕ್ಕನನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಸಾಂಗಲಿಯ ಬಸ್ಸು ಹತ್ತಿದಳು. ಅಲ್ಲಿ ತನ್ನನ್ನು ಯಾರು ಬಲ್ಲರು? ಗುರುತಿಲ್ಲದ ಒಂದು ಲ್ಯಾಬು ಹೊಕ್ಕಳು. ಕೌಂಟರಿನ ಹುಡುಗಿ ತಲೆ ಎತ್ತದೆ “ಹೆಸರು?” ಎಂದಳು.

ಹೌಸಾಬಾಯಿ ಆಚೀಚೆ ನೋಡಿದಳು. ಹೆಸರು ಬರೆಸಿದರೆ ಕಾಗದದ ಮೇಲೆ ಮೂಡುತ್ತದೆ, ಕಾಗದ ಯಾರ ಕೈಗೆ ಹೋದೀತೋ. ಬೇರೆ ಯಾವುದಾದರೂ ಹೆಸರು ಹೇಳೋಣವೆಂದರೆ, ಹನ್ನೆರಡು ವರ್ಷದಿಂದ ಹಗಲಿರುಳು ಬೈದುಕೊಳ್ಳುತ್ತಿದ್ದ ಹೆಸರೊಂದೇ ನಾಲಗೆಯ ತುದಿಯಲ್ಲಿತ್ತು.

“ಗೋದಾಬಾಯಿ ರಾಸ್ನೆ,” ಎಂದಳು.

“ಮೊಬೈಲ್ ನಂಬರು?”

ಅಂಗಡಿಯ ಫಲಕದ ಮೇಲೆ ವರ್ಷಗಟ್ಟಲೆ ಇದ್ದ ನಂಬರು ಒಂದೇ ಅವಳಿಗೆ ಬಾಯಿಪಾಠ. ತನ್ನ ಹೊಸ ನಂಬರನ್ನು ಅವಳೆಂದೂ ಕಲಿತಿರಲಿಲ್ಲ. ತನಗೆ ತಾನೇ ಯಾರು ಫೋನು ಮಾಡಿಕೊಳ್ಳುತ್ತಾರೆ? ಹಳೆಯದನ್ನೇ ಗಡಗಡ ಒಪ್ಪಿಸಿದಳು. ಪಾಲಾದಾಗ ಆ ಫೋನು ಗೋದಾಳ ಮನೆಗೆ ಹೋಗಿತ್ತೆಂಬುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ, ಹಾವೂ ಸತ್ತಿತು ಕೋಲೂ ಮುರಿಯಲಿಲ್ಲ ಎಂದು ತನ್ನ ಜಾಣತನಕ್ಕೆ ತಾನೇ ಬೀಗುತ್ತ, ಪಕ್ಕದವಳಿಗೆ ಶೇಂಗಾ ಕೊಟ್ಟು ತಾನೂ ತಿಂದಳು.

ಮೂರನೆಯ ದಿನ ಹತ್ತು ಗಂಟೆಗೆ ಎದುರು ಅಂಗಡಿಯಲ್ಲಿ ಗೋದಾಬಾಯಿಯ ಫೋನು ಟಿಂಗ್ ಎಂದಿತು. ಸೊಸೆ ಓದಿದಳು. ಗೋದಾಬಾಯಿ ರಾಸ್ನೆ, ಹೆಂಗಸು. ಇಪ್ಪತ್ತರೊಳಗೆ ಇರಬೇಕಾದದ್ದು ಮುನ್ನೂರ ನಲವತ್ತು. ಗಣಪತಿ ಮಂಡಳದವರು ಉಚಿತ ಸಕ್ಕರೆ ತಪಾಸಣೆ ಎಂದು ಹಬ್ಬದಲ್ಲಿ ರಕ್ತ ತೆಗೆದಿದ್ದರಲ್ಲ, ಅದರದ್ದೇ ಇರಬೇಕು ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಸೊಸೆ ಜಾಣೆ. ಪರೀಕ್ಷೆಯ ಹೆಸರನ್ನು ಫೋನಿನಲ್ಲಿ ಹುಡುಕಿ, ಬೇರಿನ ಹಾಗೆ ಡೊಂಕಾದ ಬೆರಳುಗಳ ಚಿತ್ರವನ್ನು ಅತ್ತೆಗೆ ತೋರಿಸಿದಳು.

ಅಲ್ಲಿಯವರೆಗೆ ಗೋದಾಬಾಯಿ ಗುಂಡುಕಲ್ಲಿನಂತಿದ್ದಳು. ಹನ್ನೊಂದಕ್ಕೆ ಬಲ ಹೆಬ್ಬೆರಳು ನೋಯತೊಡಗಿತು. ಊಟದ ಹೊತ್ತಿಗೆ ಎಡಗೈಗೆ ಬಂತು. ಮೂರು ಗಂಟೆಗೆ ಮೊಣಕಾಲು ಹಿಡಿದವು. ದೀಪ ಹಚ್ಚುವ ಹೊತ್ತಿಗೆ ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಹಾಗೆ ಎದ್ದವಳು ಸೊಸೆಯ ಹೆಗಲು ಹಿಡಿದು ಆ ಹತ್ತು ಹೆಜ್ಜೆ ದಾಟಿ, ಹನ್ನೆರಡು ವರ್ಷದ ಮೇಲೆ ಹೌಸಾಬಾಯಿಯ ಹೊಸ್ತಿಲ ಮೇಲೆ ಬಂದು ಕುಕ್ಕರಿಸಿದಳು.

“ಅಕ್ಕಾ, ನನ್ನ ಕೈ ಹೋದುವು!” ಎಂದು ಗೊಳೋ ಎಂದು ಅತ್ತಳು. “ಮುನ್ನೂರ ನಲವತ್ತು ಬಂದೈತಿ. ಡೊಂಕಾಗತಾವಂತ. ನೀನ ಹಿರಿಯಾಕಿ, ಭೋಕರೇರ ಕಾಯಿ ನೀನ ತಗೋ. ನಾ ಇಷ್ಟು ದಿನಾ ನಿನ್ನ ಗಿರಾಕೀನ ಬೀದಿಯೊಳಗ ಕೈ ಮಾಡಿ ಕರೀತಿದ್ನೆಲ್ಲ, ಅದರ ಪಾಪ ಹತ್ತಿತು.”

ಸೊಸೆ ತೋರಿಸಿದ ಫೋನಿನಲ್ಲಿ, ವರದಿಯ ತಲೆಯ ಮೇಲೆ, ಸಾಂಗಲಿಯ ಆ ಲ್ಯಾಬಿನ ಗುರುತು ಕಂಡ ಕೂಡಲೆ ಹೌಸಾಬಾಯಿಗೆ ಎಲ್ಲ ತಿಳಿಯಿತು. ಆದರೂ ಗೋದಾಳ ಕೈಯನ್ನು ತೆಗೆದುಕೊಂಡು ಗೆಣ್ಣು ಅದುಮಿದಳು. ಗೋದಾ ಅಳುತ್ತಲೇ ಇದ್ದಳು, ಅದುಮಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ತಂಪಾದ, ಗಟ್ಟಿಮುಟ್ಟಾದ, ಎರಡು-ಆರರ ಕೈ. ಇನ್ನೂ ಇಪ್ಪತ್ತು ವರ್ಷ ಊರಿಗೆಲ್ಲ ಬಳೆ ತೊಡಿಸಬಲ್ಲ ಕೈ. ಮುನ್ನೂರ ನಲವತ್ತು ಯಾರದೆಂದು ಹೌಸಾಬಾಯಿಯ ಸುಡುವ ಬೆರಳುಗಳಿಗೆ ಚೆನ್ನಾಗಿ ಗೊತ್ತಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಭಯವೂ ನಾಚಿಕೆಯೂ ಒಟ್ಟಿಗೆ ಅಡ್ಡ ಬಂದವು, ಜೊತೆಗೆ ಆ ಕಾಯಿಯ ಆಸೆ. “ಅಳಬ್ಯಾಡ ಗೋದಾ, ನಾಳಿಗೆ ನೋಡೂಣು” ಎಂದು ಅವಳಿಗೆ ಚಹ ಕುಡಿಸಿ ಕಳಿಸಿದಳು.

ಮರುದಿನ ಹನ್ನೊಂದಕ್ಕೆ ಮಾಯಾತಾಯಿ ಭೋಕರೆ ಐದಾರು ಹೆಂಗಸರನ್ನು ಕಟ್ಟಿಕೊಂಡು ಬಂದೇಬಿಟ್ಟರು. ತಟ್ಟೆಯಲ್ಲಿ ಅರಿಶಿನ ಕುಂಕುಮ, ಕುಪ್ಪಸದ ಹಸಿರು ಖಣ, ತೆಂಗಿನಕಾಯಿ. ಮಾಯಾತಾಯಿ ಇನ್ನೂ ಎತ್ತ ತಿರುಗಬೇಕೆಂದು ನೋಡುವಷ್ಟರಲ್ಲಿ ಗೋದಾ ತನ್ನ ಕಟ್ಟೆಯ ಮೇಲಿಂದಲೇ ಕೂಗಿದಳು, “ತಾಯೀ, ಅಕ್ಕಗ ಕೊಡ್ರಿ! ನನ್ನ ಕೈ ಮುಗದುವು!”

ಗಲ್ಲಿಯ ಎಲ್ಲ ಅಂಗಡಿಯವರೂ ಹೊರಗೆ ಬಂದರು. ಮಾಯಾತಾಯಿ ಕಾಯಿ ಹಿಡಿದು ಹೌಸಾಬಾಯಿಯ ಎದುರು ನಿಂತರು. ಸೆರಗು ಒಡ್ಡಿದ್ದರೆ ಮುಗಿಯುತ್ತಿತ್ತು. ಹೌಸಾಬಾಯಿ ಎದುರು ಕಟ್ಟೆಯತ್ತ ನೋಡಿದಳು. ಚೆನ್ನಾಗಿರುವ ಎರಡು ಕೈಗಳನ್ನು ಉಣ್ಣೆಯ ಬಟ್ಟೆಯಲ್ಲಿ ಸುತ್ತಿಕೊಂಡು ಕೂತ ಗೋದಾಳನ್ನು ಕಂಡು ಅವಳಿಗೆ ನಗುವೂ ಬಂತು, ಅಳುವೂ ಬಂತು.

“ತಡೀರಿ ತಾಯಿ,” ಎಂದಳು. “ಆ ರಕ್ತ ಗೋದಾಂದಲ್ಲ, ನಂದು. ನಾನ ಸಾಂಗ್ಲಿಗೆ ಹೋಗಿ ಆಕಿ ಹೆಸರು ಹೇಳಿ ಕೊಟ್ಟು ಬಂದೀನಿ. ಕೆಟ್ಟದ್ದು ನನ್ನ ಕೈ. ಮುಂಜಾನೆ ಬೀಗಾ ತಗಿಯಾಕ ಆಗಂಗಿಲ್ಲ ನನಗ.”

ಗೋದಾ ಬಟ್ಟೆ ಬಿಚ್ಚಿ, ಬೆರಳು ಮಡಿಸಿ, ಬಿಡಿಸಿ, ಹತ್ತೂ ಬೆರಳಿನ ನೆಟಿಗೆ ಮುರಿದು ನೋಡಿಕೊಂಡಳು.

“ಹಂಗಾರ ನನಗ ಏನೂ ಆಗಿಲ್ಲ?”

“ಏನೂ ಇಲ್ಲ.”

“ಮೊಣಕಾಲು?”

“ಅವೂ ಚಲೋ ಅದಾವ, ಏಳು.”

ಗೋದಾ ಎದ್ದಳು. ಹಿಂದಿನ ಸಂಜೆ ಇಬ್ಬರು ಹಿಡಿದು ಎಬ್ಬಿಸಿದ ಹೆಂಗಸು ಹತ್ತು ಹೆಜ್ಜೆಯನ್ನು ಆರೇ ಹೆಜ್ಜೆಗೆ ದಾಟಿ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಊರಾಗ ಇಷ್ಟ ಹೆಸರಿದ್ದುವು. ನಿಮ್ಮ ತವರಮನಿಯವರ ಹೆಸರಿದ್ದುವು. ಎಲ್ಲಾ ಬಿಟ್ಟು ನನ್ನ ಹೆಸರ ಯಾಕ ಕೊಟ್ಟಿ?”

“ಬಾಯಾಗ ಅದ ಇತ್ತು.”

“ಹನ್ನೆರಡು ವರ್ಷ ಮಾತಾಡಿಲ್ಲ. ಬಾಯಾಗ ನನ್ನ ಹೆಸರ ಇತ್ತ?” ಗೋದಾಳ ದನಿ ಇದ್ದಕ್ಕಿದ್ದಂತೆ ಇಳಿಯಿತು. ಮರುಕ್ಷಣ ಮತ್ತೆ ಏರಿತು. “ಮುನ್ನೂರ ನಲವತ್ತು ಮೈಯಾಗ ಇಟ್ಟಗೊಂಡು ನನಗ ಚಾ ಕುಡಸಿದೆಲ್ಲ, ಹುಚ್ಚಿ! ಆ ಫೋಟೋ ನೋಡೀಯೇನು ನೀ? ನಡಿ ದವಾಖಾನಿಗೆ, ಈಗಿಂದೀಗ ನಡಿ.”

“ತಡಿಯವ್ವಾ, ಕಾಯಿ ಹಿಡಕೊಂಡು ನಿಂತೀನಿ ನಾ,” ಎಂದರು ಮಾಯಾತಾಯಿ. ಅವರು ಭೂಮಿ ಮಾಪನ ಕಚೇರಿಯಲ್ಲಿ ಇಪ್ಪತ್ತು ವರ್ಷ ದುಡಿದವರು, ಅಳತೆಯಿಲ್ಲದ ಮಾತು ಅವರಿಗೆ ಸೇರದು. “ಹೌಸಾಬಾಯಿ, ಕೈ ಎಷ್ಟಕ್ಕ ಸಡಿಲಾಗತಾವ?”

“ಹತ್ತಕ್ಕ, ಹತ್ತೂವರಿಗೆ.”

“ಔಷಧ ತಗೊಂಡ್ರ?”

“ಉಳೀತಾವ ಅಂತ ಮುಜಾವರ ಡಾಕ್ಟರು ಅಂದಾರ.”

“ಮದುವಿಗೆ ಇನ್ನೂ ಎರಡು ತಿಂಗಳು ಐತಿ. ಚುಡಾ ಹನ್ನೊಂದೂವರಿಗೆ ಇಡಸೂಣು. ಭಟ್ಟರು ಮುಂಜಾನಿ ಏಳಕ್ಕ ಅಂದಾರ, ಅವರಿಗೆ ನಾ ಹೇಳ್ತೀನಿ. ಅವತ್ತು ನಿನ್ನ ಕೈಲಿ ಆಗಲಿಲ್ಲಂದ್ರ ಗೋದಾ ಇಡಸ್ಲಿ.” ಎಂದವರೇ ಕಾಯಿಯನ್ನು ಹೌಸಾಬಾಯಿಯ ಸೆರಗಿಗೆ ಹಾಕಿದರು. ಮರ್ಯಾದೆ ಹೋಯಿತೆಂದು ತಲೆ ತಗ್ಗಿಸಿದ್ದವಳು ಎರಡೂ ಕೈಯಿಂದ ಸೆರಗು ಗಟ್ಟಿ ಹಿಡಿದಳು.

ಅಷ್ಟರಲ್ಲಿ ಮಾಯಾತಾಯಿಯ ಜೊತೆ ಬಂದ ಅವರ ನಾದಿನಿ ಮೆಲ್ಲಗೆ ಹೌಸಾಬಾಯಿಯ ಮುಂದೆ ಕೈ ಚಾಚಿದಳು. “ಅತ್ಯಾ, ನನ್ನ ಕೈ ಸ್ವಲ್ಪ ಅದುಮಿ ನೋಡ್ರೆಲ್ಲ. ಹದಿನೈದು ದಿನದಿಂದ ನೋಯಾಕತ್ತಾವ.” ಅದುಮಿದಾಗ ಅವಳೂ ಚೀರಿದಳು. ಅವಳ ಹಿಂದೆ ಮತ್ತೊಂದು ಕೈ ಬಂತು, ಹೂವಿನವಳು ಬುಟ್ಟಿ ಕೆಳಗಿಟ್ಟು ಬಂದಳು. ಕಿರಾಣಿಯ ಶೇಟಜಿ ಕೂಡ ಮುಂದೆ ಬಂದ; ಗೋದಾ ಅವನ ಕೈಗೊಂದು ಏಟು ಕೊಟ್ಟು, “ನಿಂದೇನ ಐತಿ, ನಿನಗ ತೂಕಾ ಮಾಡಿ ಮಾಡಿ ನೋವು” ಎಂದಳು. ಗಲ್ಲಿಯೆಲ್ಲ ನಗೆಯಾಯಿತು.

ಮಧ್ಯಾಹ್ನ ದವಾಖಾನೆಯ ಸಾಲಿನಲ್ಲಿ ಗೋದಾಳದೇ ದೊಡ್ಡ ದನಿ. “ರಾಸ್ನೆ ಹೌಸಾಬಾಯಿ ಅಂತ ಬರಕೋರಿ. ಹೌ-ಸಾ-ಬಾಯಿ! ನನ್ನ ಹೆಸರು ಬಂತಂದ್ರ ಕಾಗದಾ ಹರೀತೀನಿ.”

ನಿಲೋಫರ್ ವರದಿ ನೋಡಿ, ಕೈಯ ಕ್ಷ-ಕಿರಣದ ಚಿತ್ರ ತೆಗೆಸಿ ನೋಡಿ, ಮುಖ ಅರಳಿಸಿದಳು. ಎಲುಬಿಗೆ ಇನ್ನೂ ರೋಗದ ಹಲ್ಲು ಹತ್ತಿರಲಿಲ್ಲ. “ಅಂಕಿ ದೊಡ್ಡದೈತಿ, ಅಂದ್ರ ಇದು ಸುಮ್ನ ಬಿಡೋ ರೋಗ ಅಲ್ಲ. ಆದ್ರ ಲಗೂ ಸಿಕ್ಕೈತಿ. ವಾರಕ್ಕ ಒಂದ ದಿನ ಈ ಗುಳಿಗಿ, ಸೋಮವಾರ. ತಿಂಗಳಿಗೊಮ್ಮೆ ರಕ್ತ ತೋರಸಬೇಕು. ಗುಣಾ ಕಾಣಾಕ ಒಂದೂವರಿ, ಎರಡು ತಿಂಗಳು ಹಿಡೀತೈತಿ. ಅಲ್ಲೀತನಕ ಯಾರ ಕೈನೂ ಅದುಮಬ್ಯಾಡ್ರಿ.”

“ದಿನಾ ತಗೊಂಡ್ರ ಲಗೂ ಗುಣಾ ಆಗತೈತಲ್ಲ?”

“ದಿನಾ ತಗೊಂಡ್ರ ವಿಷ ಆಗತೈತಿ ಮಾವಶಿ! ವಾರಕ್ಕ ಒಂದ ದಿನ.”

ಗೋದಾ ಮಾತ್ರೆಯ ಪಟ್ಟಿಯನ್ನು ಮೇಜಿನಿಂದ ಎತ್ತಿ ತನ್ನ ಕುಪ್ಪಸದೊಳಗೆ ಸೇರಿಸಿದಳು. ಅಂದಿನಿಂದ ಸೋಮವಾರ ಸೋಮವಾರ ಗಲ್ಲಿ ದಾಟಿ ಬಂದು, ನೀರು ಕೊಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನೋಡಿಯೇ ಹೋಗುವಳು. ಮಾಯಾತಾಯಿಯ ನಾದಿನಿಯ ರಕ್ತದಲ್ಲಿ ಆ ಕೆಟ್ಟ ಕಾವಲುಗಾರರು ಒಬ್ಬರೂ ಸಿಗಲಿಲ್ಲ. ನಾಲ್ಕು ವಾರದಲ್ಲಿ ಅವಳ ನೋವು ಬಂದ ದಾರಿ ಹಿಡಿದು ಹೋಯಿತು. ಹೌಸಾಬಾಯಿಗೆ ಹೊಟ್ಟೆಕಿಚ್ಚಾಯಿತು.

ಅವಳದು ಅಷ್ಟು ಸಲೀಸಾಗಿರಲಿಲ್ಲ. ಮೊದಲ ಮೂರು ಸೋಮವಾರ ಹೊಟ್ಟೆ ತೊಳಸಿದ್ದೊಂದೇ ಬಂತು. ಆಕೆ ಡಾಕ್ಟರನ್ನು ಬೈದಳು, ಗೋದಾಳನ್ನು ಬೈದಳು, ಏನೂ ಮಾಡದ ಮಧುಕರರಾಯನನ್ನೂ ಬೈದಳು. ಗಿರಾಕಿಗಳ ಕೈ ಹಿಡಿಯಲು ಎದುರಿನಿಂದ ಗೋದಾಳೇ ಬರುವಳು. ಹೌಸಾಬಾಯಿ ಬಳೆ ಆರಿಸಿ ಕೊಡುತ್ತ ಪಕ್ಕದಲ್ಲಿ ಕೂತು ತಪ್ಪು ಹುಡುಕುವಳು. ಐದನೆಯ ವಾರ ಒಂದು ದಿನ ಒಂಬತ್ತಕ್ಕೇ ಬೀಗ ತಿರುಗಿತು. ಏಳನೆಯ ವಾರ ಎಂಟಕ್ಕೆ. ಆದರೆ ಬೀಗ ಬೇರೆ, ಮದುಮಗಳ ಕೈ ಬೇರೆ. ಒತ್ತಿದರೆ ಏನಾಗುವುದೆಂದು ಅವಳು ನೋಡಿರಲಿಲ್ಲ, ನೋಡಲು ಧೈರ್ಯವೂ ಇರಲಿಲ್ಲ.

ಚುಡಾದ ದಿನ ಭೋಕರೆಯವರ ಅಂಗಳದಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಹನ್ನೊಂದೂವರೆಗೆ ಕೇತಕಿ ಮಣೆಯ ಮೇಲೆ ಕೂತು ಕೈ ಚಾಚಿದಳು. ಕಾಲೇಜಿನಲ್ಲಿ ಖೋಖೋ ಆಡಿ, ಮೋಟರ್ ಸೈಕಲ್ ಓಡಿಸಿ ಗಟ್ಟಿಯಾದ ಕೈ. ಪಕ್ಕದಲ್ಲೇ ಗೋದಾ ತೋಳು ಏರಿಸಿ ಸಿದ್ಧವಾಗಿ ಕೂತಿದ್ದಳು.

ಹೌಸಾಬಾಯಿ ಗೆಣ್ಣು ಅದುಮಿದಳು. ಎರಡು-ನಾಲ್ಕು ಎಂದಿತು ಕೈ. ಹೆಬ್ಬೆರಳು ಮಡಿಸಿದಳು. ಮೊದಲ ಬಳೆ ಗೆಣ್ಣಿನ ಮೇಲೆ ಒಂದು ಕ್ಷಣ ತಡೆದು, ಜಾರಿ, ಮಣಿಕಟ್ಟಿಗೆ ಇಳಿಯಿತು. ಎರಡು. ಮೂರು. “ಅತ್ತಿಮನಿಯೊಳಗ ಎಮ್ಮಿ ಎಷ್ಟದಾವ?” ಎಂದು ಕೇಳಿದಳು. ಕೇತಕಿ ನಗುತ್ತ, “ಮೂರನೇ ಮಾಳಿಗಿ ಮ್ಯಾಲ ಮನಿ ಅತ್ಯಾ, ಎಮ್ಮಿ ಎಲ್ಲಿ ಕಟ್ಟೂದು?” ಎಂದಳು. ಮಾತು ಮಾತಿನಲ್ಲಿ ಒಂದು ಕೈಯ ಹನ್ನೊಂದು ಬಳೆಯೂ ಏರಿದವು. ಹೌಸಾಬಾಯಿ ಆ ಕೈಯನ್ನು ಬಿಡಲಿಲ್ಲ. ಸುಮ್ಮನೆ ಹಿಡಿದುಕೊಂಡೇ ಕೂತಳು, ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು.

“ಯಾಕವ್ವಾ, ಏನಾತು? ನೋಯಾಕತ್ತೈತೇನು?” ಮಾಯಾತಾಯಿ ಗಾಬರಿಯಿಂದ ಬಗ್ಗಿದರು.

“ಇಲ್ರಿ ತಾಯಿ,” ಎಂದಳು ಹೌಸಾಬಾಯಿ. “ನೋಯಲೇ ಇಲ್ಲ.”

ಗೋದಾ ತಾನೂ ಕಣ್ಣೊರೆಸಿಕೊಂಡು ಏರಿಸಿದ ತೋಳು ಇಳಿಸಿದಳು. “ಹಂಗಾರ ನನ್ನ ಕೆಲಸಿಲ್ಲ ಇಲ್ಲಿ, ನಾ ಉಣ್ಣಾಕ ಹೊಂಟೆ. ಅಳೂದು ಆಮ್ಯಾಲ ಇಟ್ಟಗೋ ಅಕ್ಕಾ, ಹುಡುಗಿ ಇನ್ನೊಂದು ಕೈ ಖಾಲಿ ಐತಿ.”

ಹೌಸಾಬಾಯಿ ತೋಳಿನಿಂದ ಮುಖ ಒರೆಸಿಕೊಂಡು ಇನ್ನೊಂದು ಕೈ ತೆಗೆದುಕೊಂಡಳು.